ಗರ್ಭಕೋಶ ತೆಗೆಸಿದಿರಿ, ಅಂಡಾಶಯ ಉಳಿಯಿತೇ? ಕೀಲುವಾತ ಇರುವ ಹೆಂಗಸರು ಕೇಳಲೇಬೇಕಾದ ಪ್ರಶ್ನೆ

ಆರೂವರೆಗೆ ಡೇರಿಗೆ ಹಾಲು ಹಾಕಬೇಕೆಂದರೆ ಐದೂವರೆಗೇ ಕೊಟ್ಟಿಗೆಯಲ್ಲಿರಬೇಕು. ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಎರಡು ಸೀಮೆಹಸುಗಳಿವೆ. ಕೆಚ್ಚಲು ತೊಳೆಯಲು ಇಟ್ಟುಕೊಂಡ ಬಕೆಟ್ಟಿನ ಬಿಸಿನೀರಲ್ಲಿ ಅವಳು ಮೊದಲು ತನ್ನ ಎರಡೂ ಕೈಗಳನ್ನು ಮುಳುಗಿಸಿ ಕೂರುತ್ತಿದ್ದಳು. ಐದು ನಿಮಿಷ, ಹತ್ತು ನಿಮಿಷ, ಒಂದೊಂದು ದಿನ ಕಾಲು ಗಂಟೆ. ಹಾಲು ಕರೆಯುವಾಗ ತೊಟ್ಟಿನ ಬುಡವನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉಳಿದ ಬೆರಳುಗಳನ್ನು ಒಂದರ ಹಿಂದೊಂದು ಮಡಚುತ್ತಾ ಬರಬೇಕು. ಮುಷ್ಟಿ ಪೂರ್ತಿ ಕಟ್ಟದಿದ್ದರೆ ಹಾಲು ಇಳಿಯುವುದಿಲ್ಲ. ಅವಳಿಗೆ ಕಟ್ಟಲಾಗದೆ ಹೋದದ್ದು ಆ ಮುಷ್ಟಿಯೇ.

"ಗರ್ಭಕೋಶ ತೆಗೆಸಿದ ಮೇಲೆ ಹಿಂಗಾಯ್ತು ಕಣೇ. ಅದಕ್ಕೆ ಮುಂಚೆ ಮಾತ್ರೆ ನುಂಗ್ಕೊಂಡು ಹೆಂಗೋ ನಡೀತಿತ್ತು," ಅನ್ನುತ್ತಿದ್ದಳು.

ನಾನು ಚಿಂತಾಮಣಿಯಲ್ಲಿ ಫಾರ್ಮಸಿಸ್ಟ್. ಮೆಡಿಕಲ್ ಶಾಪಿನ ಕೌಂಟರಿನ ಈಚೆ ನಿಂತು ಇದೇ ಮಾತನ್ನು ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಹೇಳುವವರು ಹೆಚ್ಚಾಗಿ ಮೂವತ್ತೈದರಿಂದ ಐವತ್ತರ ಒಳಗಿನವರು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರೂ ಇದ್ದಾರೆ, ಹಾಗೇ ಸತ್ಯವೆಂದು ತಲೆಯಾಡಿಸುವವರೂ ಇದ್ದಾರೆ. ಎರಡೂ ಸರಿಯಲ್ಲ. ಗರ್ಭಕೋಶ ತೆಗೆಸಿದ ಮಾತ್ರಕ್ಕೆ ಸಂಧಿವಾತ ಕೆರಳಬೇಕೆಂದೇನಿಲ್ಲ. ಆದರೆ ಆ ಆಪರೇಷನ್ನಿನ ಜೊತೆ ಹೆಂಗಸಿನ ಮೈಯಲ್ಲಿ ಇನ್ನೇನೇನು ಆಯಿತು ಎಂದು ಬಿಡಿಸಿ ನೋಡಿದರೆ ಚಿಕ್ಕಮ್ಮನ ಮಾತಿನಲ್ಲಿ ದೊಡ್ಡ ಸತ್ಯವೇ ಇದೆ.

ಮೊದಲು ಕಾಯಿಲೆಯ ಬಗ್ಗೆ. ನಮ್ಮ ಕಡೆ ಎಲ್ಲ ಕೀಲು ನೋವಿಗೂ 'ವಾಯು' ಎಂಬ ಒಂದೇ ಹೆಸರು. ವಯಸ್ಸಾಗಿ ಮಂಡಿ ಸವೆಯುವುದು ಒಂದು ಜಾತಿ. ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ನಾನಿಲ್ಲಿ ಸಂಧಿವಾತ ಎನ್ನುತ್ತಿರುವುದು, ಪೂರ್ತಿ ಬೇರೆ. ಸೋಂಕಿನ ಮೇಲೆ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ, ಕೀಲಿನ ಒಳಪೊರೆಯನ್ನೇ ಶತ್ರು ಎಂದುಕೊಂಡು ಅದರ ಮೇಲೆ ಬೀಳುತ್ತದೆ. ಪೊರೆ ಊದುತ್ತದೆ, ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ತಿನ್ನುತ್ತಾ ಹೋಗುತ್ತದೆ. ಅಂಗೈಗೆ ಬೆರಳು ಸೇರುವ ಗೆಣ್ಣು, ಬೆರಳಿನ ನಡುಗೆಣ್ಣು, ಮಣಿಕಟ್ಟು, ಪಾದದ ಮುಂಭಾಗ, ಇವು ಅದರ ಮೆಚ್ಚಿನ ಜಾಗಗಳು. ಎರಡೂ ಕೈಗೆ ಒಟ್ಟಿಗೇ ಬರುತ್ತದೆ. ಬೆಳಿಗ್ಗೆ ಎದ್ದಾಗ ಕೈ ಮರಗಟ್ಟಿ, ಸಡಿಲವಾಗಲು ಗಂಟೆಯೇ ಹಿಡಿಯುತ್ತದೆ. ಮಂಡಿ ಸವೆತದ ಬಿಗಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಹಾಲು ಕರೆಯುವ ಹೊತ್ತು ಮತ್ತು ಈ ಬಿಗಿ ಅತಿ ಹೆಚ್ಚಿರುವ ಹೊತ್ತು ಎರಡೂ ಒಂದೇ. ಹಾಗಾಗಿ ನಮ್ಮ ಊರುಗಳಲ್ಲಿ ಈ ಕಾಯಿಲೆಯ ಸುಳಿವು ಮೊದಲು ಸಿಗುವುದು ಕೊಟ್ಟಿಗೆಯಲ್ಲೇ.

ಗಂಡಸರಿಗಿಂತ ಹೆಂಗಸರಿಗೆ ಇದು ಎರಡರಿಂದ ಮೂರು ಪಟ್ಟು ಹೆಚ್ಚು. ಈ ಲೆಕ್ಕವೇ ಹಾರ್ಮೋನಿನ ಕಡೆಗೆ ಬೆರಳು ತೋರಿಸುತ್ತದೆ.

ಬಸುರಿಯಲ್ಲಿ ಇಳಿದು ಬಾಣಂತನದಲ್ಲಿ ಏರಿದ ನೋವು

ಚಿಕ್ಕಮ್ಮನ ಬೆರಳು ಮೊದಲು ಊದಿದ್ದು ಎರಡನೇ ಮಗುವಿನ ಬಾಣಂತನದಲ್ಲಿ. ತಣ್ಣೀರು ಮುಟ್ಟಿದ್ದಕ್ಕೆ ಎಂದು ಅಜ್ಜಿ ಬೈದರು. ತಣ್ಣೀರಿನದ್ದೇನೂ ತಪ್ಪಿರಲಿಲ್ಲ.

ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯ ಫಿಲಿಪ್ ಹೆಂಚ್ 1938ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಬರೆದಿಟ್ಟರು. ಸಂಧಿವಾತದಿಂದ ನರಳುತ್ತಿದ್ದ ಹೆಂಗಸರು ಬಸುರಿಯಾದಾಗ ನೋವು ತಾನಾಗಿ ಇಳಿಯುತ್ತಿತ್ತು, ಹೆರಿಗೆಯಾಗಿ ಕೆಲವು ವಾರ ತಿಂಗಳಿಗೆ ಮತ್ತೆ ಮರಳುತ್ತಿತ್ತು. ಬಸುರಿಯ ರಕ್ತದಲ್ಲಿ ಈ ಕಾಯಿಲೆಯನ್ನು ತಣಿಸುವ ಯಾವುದೋ ವಸ್ತು ಇದೆ ಎಂದು ಅವರು ಹುಡುಕಹೊರಟರು. ಆ ಹುಡುಕಾಟ 1948ರಲ್ಲಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಮೊದಲ ಬಾರಿಗೆ ಒಬ್ಬ ಸಂಧಿವಾತದ ರೋಗಿಗೆ ಕೊಡುವಲ್ಲಿಗೆ ಮುಟ್ಟಿತು. ಆ ರೋಗಿಯೂ ಹೆಂಗಸೇ, 29 ವರ್ಷದವಳು. ಹಾಸಿಗೆ ಬಿಟ್ಟು ಏಳಲಾಗದವಳು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದಳು. ಹೆಂಚ್ ಮತ್ತು ಇನ್ನಿಬ್ಬರಿಗೆ 1950ರಲ್ಲಿ ನೊಬೆಲ್ ಬಂತು. ಇಂದು ನಾನು ಕೌಂಟರಿನಲ್ಲಿ ಎಣಿಸಿ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆಯ ವಂಶಾವಳಿ ಇದು. ಬಸುರಿ ಹೆಂಗಸರ ಮಾತನ್ನು ಒಬ್ಬರು ಕಿವಿಗೊಟ್ಟು ಕೇಳಿಸಿಕೊಂಡಿದ್ದು ಅದರ ಬೇರಿನಲ್ಲಿದೆ.

ಬಸುರಿಯಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟೆರಾನ್, ಮೈಯೊಳಗಿನದೇ ಸ್ಟೀರಾಯ್ಡ್ ಎಲ್ಲವೂ ಏರುತ್ತವೆ. ಹೆರಿಗೆಯಾದ ಮೇಲೆ ಒಮ್ಮೆಲೇ ಇಳಿಯುತ್ತವೆ. ಈಸ್ಟ್ರೋಜನ್ ಒಳ್ಳೆಯದೋ ಕೆಟ್ಟದೋ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ರೋಗನಿರೋಧಕ ಕಣಗಳಲ್ಲಿ ಕೆಲವನ್ನು ಅದು ಹುರಿದುಂಬಿಸುತ್ತದೆ, ಕೆಲವನ್ನು ತಡೆಯುತ್ತದೆ. ಅದು ಹೆಚ್ಚಿದ್ದಾಗ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಸಂದೇಶವಾಹಕಗಳು ಹಿಡಿತದಲ್ಲಿರುತ್ತವೆ, ಕುಸಿದಾಗ ತಲೆಯೆತ್ತುತ್ತವೆ. ಸಂಧಿವಾತಕ್ಕೆ ಕೊಡುವ ದುಬಾರಿ ಇಂಜೆಕ್ಷನ್ನುಗಳು ತಡೆಯುವುದೂ ಇವನ್ನೇ. ಅಡಾಲಿಮುಮ್ಯಾಬ್ ಟಿಎನ್‌ಎಫ್ ಅನ್ನು ಹಿಡಿದರೆ, ಟೊಸಿಲಿಜುಮ್ಯಾಬ್ ಇಂಟರ್‌ಲ್ಯೂಕಿನ್-6ಕ್ಕೆ ಅಡ್ಡ ನಿಲ್ಲುತ್ತದೆ.

ಹಾಗಾಗಿ ಹಾರ್ಮೋನ್ ಕುಸಿಯುವ ಕಾಲಗಳು, ಅಂದರೆ ಬಾಣಂತನ ಮತ್ತು ಮುಟ್ಟು ನಿಲ್ಲುವ ಸಮಯ, ಈ ಕಾಯಿಲೆಗೆ ಬಾಗಿಲು ತೆರೆಯುವ ಕಾಲಗಳೂ ಹೌದು. ಸಂಧಿವಾತ ಇದ್ದವರಲ್ಲಿ ಮುಟ್ಟು ನಿಂತ ಮೇಲೆ ಕೈಕಾಲಿನ ಕಸುವು ಮೊದಲಿಗಿಂತ ಬೇಗ ಕುಂದುತ್ತದೆ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 2018ರಲ್ಲಿ ತೋರಿಸಿತು. ಮುಟ್ಟು ಬೇಗ ನಿಂತವರಲ್ಲಿ ಕಾಯಿಲೆ ಹೊಸದಾಗಿ ಬರುವ ಸಂಭವವೂ ಹೆಚ್ಚು.

'ಆಪರೇಷನ್' ಅಂದರೆ ಯಾವುದು?

ನಮ್ಮಲ್ಲಿ 'ಆಪರೇಷನ್ ಆಗಿದೆ' ಅಂದರೆ ಹೆಚ್ಚಾಗಿ ಮಕ್ಕಳಾಗದ ಆಪರೇಷನ್. ಅದರಲ್ಲಿ ಅಂಡನಾಳವನ್ನು ಕಟ್ಟುತ್ತಾರೆ ಅಷ್ಟೆ, ಹಾರ್ಮೋನಿಗೂ ಅದಕ್ಕೂ ಸಂಬಂಧವಿಲ್ಲ. ಗರ್ಭಕೋಶದ ಆಪರೇಷನ್ ಬೇರೆ. ಅದರಲ್ಲೂ ಎರಡು ಬಗೆ ಇದೆ ಎಂಬುದನ್ನು ಬಹಳ ಹೆಂಗಸರಿಗೆ ಯಾರೂ ಹೇಳಿರುವುದಿಲ್ಲ.

ಗರ್ಭಕೋಶ ಮಗು ಬೆಳೆಯುವ ಚೀಲ. ಮುಟ್ಟಿನ ರಕ್ತ ಬರುವುದು ಅಲ್ಲಿಂದ. ಆದರೆ ಈಸ್ಟ್ರೋಜನ್ ತಯಾರಾಗುವುದು ಅದರ ಎರಡೂ ಬದಿಗಿರುವ ಅಂಡಾಶಯಗಳಲ್ಲಿ. ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನ್ ಉಳಿಯುತ್ತದೆ. ಅಂಡಾಶಯಗಳನ್ನೂ ತೆಗೆದರೆ ಹಾರ್ಮೋನ್ ಆ ದಿನವೇ ಬೀಳುತ್ತದೆ.

ಸಹಜವಾಗಿ ಮುಟ್ಟು ನಿಲ್ಲುವುದೆಂದರೆ ಬೇಸಿಗೆಯಲ್ಲಿ ಕೆರೆ ಬತ್ತಿದ ಹಾಗೆ. ನೀರು ಒಂದು ವಾರ ಇಳಿದು, ನಡುವೆ ಮಳೆ ಬಂದು ತುಸು ಏರಿ, ಮತ್ತೆ ಇಳಿದು ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಮೈಗೆ ಒಗ್ಗಿಕೊಳ್ಳಲು ಸಮಯ ಸಿಗುತ್ತದೆ. ಅಂಡಾಶಯ ತೆಗೆಯುವುದು ಕೆರೆಯ ಏರಿ ಒಡೆದ ಹಾಗೆ, ರಾತ್ರಿ ಬೆಳಗಾಗುವುದರಲ್ಲಿ ಖಾಲಿ. ಇನ್ನೊಂದು ಸಂಗತಿಯೂ ಇದೆ. ಮುಟ್ಟು ನಿಂತ ಮೇಲೂ ಅಂಡಾಶಯ ಸುಮ್ಮನಿರುವುದಿಲ್ಲ, ಸ್ವಲ್ಪ ಟೆಸ್ಟೊಸ್ಟೆರಾನ್ ತಯಾರಿಸುತ್ತಲೇ ಇರುತ್ತದೆ. ಅದು ಗಂಡಸರ ಹಾರ್ಮೋನ್ ಎಂದು ಹೆಸರಾದರೂ ಹೆಂಗಸರಿಗೂ ಬೇಕು, ಉರಿಯೂತವನ್ನು ತಗ್ಗಿಸುವ ಗುಣವೂ ಅದಕ್ಕಿದೆ. ಎರಡೂ ಅಂಡಾಶಯ ತೆಗೆದರೆ ಅದೂ ಸುಮಾರು ಅರ್ಧಕ್ಕಿಳಿಯುತ್ತದೆ.

ನಿಮಗೆ ಯಾವುದು ಆಗಿದೆ ಎಂದು ತಿಳಿಯಲು ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ. 'ಟಿಎಎಚ್' ಅಂದರೆ ಹೊಟ್ಟೆ ಕೊಯ್ದು ಪೂರ್ತಿ ಗರ್ಭಕೋಶ ತೆಗೆದದ್ದು. 'ವಿಎಚ್' ಅಂದರೆ ಯೋನಿಯ ಮೂಲಕ, 'ಟಿಎಲ್‌ಎಚ್' ಅಂದರೆ ಲ್ಯಾಪ್ರೊಸ್ಕೋಪಿಯಲ್ಲಿ ತೆಗೆದದ್ದು. ಇವುಗಳ ಮುಂದೆ 'ಬಿಎಸ್‌ಒ' ಎಂಬ ಮೂರಕ್ಷರ ಇದೆಯೇ ನೋಡಿ. ಇದ್ದರೆ ಎರಡೂ ಅಂಡನಾಳ, ಎರಡೂ ಅಂಡಾಶಯ ಹೋಗಿವೆ. 'ಬಿಎಸ್' ಮಾತ್ರ ಇದ್ದರೆ ನಾಳಗಳಷ್ಟೇ ಹೋಗಿ ಅಂಡಾಶಯ ಉಳಿದಿವೆ. ಡಿಸ್ಚಾರ್ಜ್ ಸಮ್ಮರಿ ಕಳೆದಿದ್ದರೆ ಬಯಾಪ್ಸಿ ರಿಪೋರ್ಟ್ ಹುಡುಕಿ. ತೆಗೆದ ಅಂಗವನ್ನು ಲ್ಯಾಬಿಗೆ ಕಳಿಸಿದಾಗ ಏನೇನು ಬಂತು ಎಂದು ಅದರಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ.

ಅಂಡಾಶಯ ಉಳಿದಿದೆ ಎಂದು ಪೂರ್ತಿ ನಿಶ್ಚಿಂತರಾಗುವಂತೆಯೂ ಇಲ್ಲ. ಅವಕ್ಕೆ ಹೋಗುವ ರಕ್ತದಲ್ಲಿ ಒಂದು ಪಾಲು ಗರ್ಭಕೋಶದ ನಾಳದಿಂದಲೇ ಬರುತ್ತದೆ, ಆಪರೇಷನ್ನಿನಲ್ಲಿ ಅದು ಕತ್ತರಿಸುತ್ತದೆ. ಹಾಗಾಗಿ ಗರ್ಭಕೋಶ ತೆಗೆಸಿದವರ ಅಂಡಾಶಯಗಳು, ಗರ್ಭಕೋಶ ಇರುವವರಿಗಿಂತ ಕೆಲವು ವರ್ಷ ಮುಂಚೆಯೇ ಸೋಲುವುದುಂಟು. ಮುಟ್ಟು ಆಗಲೇ ನಿಂತಿರುವುದರಿಂದ ಅದು ಗೊತ್ತಾಗುವುದಿಲ್ಲ. ಎದೆಯಿಂದ ಮುಖಕ್ಕೆ ಬಿಸಿ ಉಕ್ಕುವುದು, ನಡುರಾತ್ರಿ ಬೆವರಿ ಏಳುವುದು, ನಿದ್ದೆ ಕೆಡುವುದು, ಕೀಲೆಲ್ಲ ನೋಯುವುದು, ಇವೇ ಸುಳಿವು. ಅನುಮಾನವಿದ್ದರೆ ಎಫ್‌ಎಸ್‌ಎಚ್ (ಅಂಡಾಶಯ ಸೋತಾಗ ಏರುವ ಹಾರ್ಮೋನ್) ರಕ್ತಪರೀಕ್ಷೆ ನೆರವಾಗುತ್ತದೆ.

ಕೆರಳಿದ್ದು ಯಾವುದರಿಂದ?

ಚಿಕ್ಕಮ್ಮನಿಗೆ 39ರಲ್ಲಿ ಆಪರೇಷನ್ ಆಯಿತು. ಗರ್ಭಕೋಶದಲ್ಲಿ ಗಡ್ಡೆ, ತಿಂಗಳಿಗೆ ಹದಿನೈದು ದಿನ ರಕ್ತ. ಆರು ತಿಂಗಳು ಕಳೆಯುವಷ್ಟರಲ್ಲಿ ಮುಷ್ಟಿ ಕಟ್ಟಲಾಗದ ಸ್ಥಿತಿ ಬಂತು. ಅವಳ ಪ್ಲಾಸ್ಟಿಕ್ ಕವರಿನಲ್ಲಿದ್ದ ಕಾಗದಗಳನ್ನು ನೆಲದ ಮೇಲೆ ತಾರೀಕಿನ ಪ್ರಕಾರ ಹರಡಿ ಕೂತಾಗ ನನಗೆ ಕಣ್ಣಿಗೆ ಬಿದ್ದದ್ದು ಬೇರೆಯೇ. ಆಪರೇಷನ್ನಿಗೆ ಎರಡು ವಾರ ಮುಂಚೆ ಆಸ್ಪತ್ರೆಯಲ್ಲಿ ಯಾರೋ ಮೆಥೊಟ್ರೆಕ್ಸೇಟ್ ನಿಲ್ಲಿಸಿ ಎಂದಿದ್ದಾರೆ. ಮತ್ತೆ ಶುರು ಮಾಡಿ ಎಂದು ಯಾರೂ ಹೇಳಿಲ್ಲ. ಹೊಲಿಗೆ ಬಿಚ್ಚಿದರು, ಮನೆಗೆ ಕಳಿಸಿದರು, ಅವಳು ಆರು ತಿಂಗಳು ಕಾಯಿಲೆಯ ಮುಖ್ಯ ಔಷಧಿಯೇ ಇಲ್ಲದೆ ನೋವಿನ ಮಾತ್ರೆಯಲ್ಲಿ ಕಳೆದಿದ್ದಾಳೆ. ಅದರಲ್ಲಿ ಕೆಲವು ಸ್ಟ್ರಿಪ್ಪುಗಳನ್ನು ಕೊಟ್ಟವಳು ನಾನೇ. ಕೇಳಬೇಕಾದ ಪ್ರಶ್ನೆಯನ್ನು ನಾನೂ ಕೇಳಿರಲಿಲ್ಲ, ಅದು ಈಗಲೂ ಚುಚ್ಚುತ್ತದೆ.

ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ನುಂಗುವ ಮಾತ್ರೆ. ದಿನಾ ನುಂಗಿದರೆ ಜೀವಕ್ಕೇ ಅಪಾಯ, ಅದಕ್ಕೆ ನಾನು ಸ್ಟ್ರಿಪ್ಪಿನ ಮೇಲೆ ವಾರದ ಹೆಸರನ್ನು ಪೆನ್ನಿನಲ್ಲಿ ಬರೆದೇ ಕೊಡುತ್ತೇನೆ. ಆಪರೇಷನ್ ಇದೆ ಎಂದಾಗ ಬಹಳ ಸಲ ಇದನ್ನು ನಿಲ್ಲಿಸಬೇಕಾಗಿಯೇ ಇರುವುದಿಲ್ಲ. ಸಂಧಿವಾತದ ಬೇರೆ ಮಾತ್ರೆಗಳಾದ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್ ಕೂಡ ಸಾಮಾನ್ಯವಾಗಿ ಮುಂದುವರಿಯುತ್ತವೆ. ಬಯೋಲಾಜಿಕಲ್ ಇಂಜೆಕ್ಷನ್, ಅಂದರೆ ಮೇಲೆ ಹೇಳಿದ ದುಬಾರಿ ಇಂಜೆಕ್ಷನ್ ಪಡೆಯುವವರಲ್ಲಿ ಒಂದು ಡೋಸಿನ ಅವಧಿ ಮುಗಿಯುವ ಹೊತ್ತಿಗೆ ಆಪರೇಷನ್ ಇಟ್ಟುಕೊಂಡು, ಗಾಯ ಮಾಗಿದ ಮೇಲೆ ಮತ್ತೆ ಶುರು ಮಾಡುತ್ತಾರೆ. ಬಹಳ ದಿನದಿಂದ ಸ್ಟೀರಾಯ್ಡ್ ನುಂಗುತ್ತಿರುವವರು ಅದನ್ನು ಥಟ್ಟನೆ ನಿಲ್ಲಿಸಲೇಬಾರದು. ಮೈ ತನ್ನ ಸ್ವಂತ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ, ಆಪರೇಷನ್ನಿನ ಹೊತ್ತಿಗೆ ಬಿ.ಪಿ. ಕುಸಿದು ಬೀಳಬಹುದು. 'ಗಂಟು ನೋವಿನ ಪುಡಿ' ಎಂದು ಹೆಸರಿಲ್ಲದ ಪೊಟ್ಟಣ ತಿನ್ನುತ್ತಿರುವವರು ಅದನ್ನೂ ವೈದ್ಯರಿಗೆ ಹೇಳಬೇಕು. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಹೊಸತೇನಲ್ಲ. ನಿಲ್ಲಿಸಿ ಎಂದವರನ್ನು 'ಮತ್ತೆ ಯಾವ ತಾರೀಕಿಗೆ ಶುರು ಮಾಡಲಿ?' ಎಂದು ಅಲ್ಲೇ ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ.

ಅರಿವಳಿಕೆ ಕೊಡುವ ವೈದ್ಯರಿಗೆ ತಿಳಿಸಬೇಕಾದ ಒಂದು ಮಾತು ಇದೆ. ಹಳೆಯ ಸಂಧಿವಾತ ಕತ್ತಿನ ಮೇಲ್ಭಾಗದ ಮೊದಲೆರಡು ಮೂಳೆಗಳ ಕಟ್ಟನ್ನು ಸಡಿಲ ಮಾಡಿರಬಹುದು. ಉಸಿರಿನ ಕೊಳವೆ ಹಾಕಲು ತಲೆಯನ್ನು ಹಿಂದಕ್ಕೆ ಬಾಗಿಸಿದಾಗ ಬೆನ್ನುಹುರಿಗೆ ಪೆಟ್ಟಾಗುವ ಅಪಾಯವಿದೆ. ಕತ್ತು ನೋವು, ಕೈ ಜೋಮು, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇವುಗಳಲ್ಲಿ ಯಾವುದಿದ್ದರೂ ಮುಂಚೆಯೇ ಹೇಳಿ. ಒಂದು ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ.

ಅವಳ ಕಾಗದಗಳ ನಡುವೆ ಬಯಾಪ್ಸಿ ರಿಪೋರ್ಟೂ ಸಿಕ್ಕಿತು. ಗರ್ಭಕೋಶ, ಎರಡು ಅಂಡನಾಳ, ಎರಡು ಅಂಡಾಶಯ. ಅಂದರೆ 39ಕ್ಕೇ ಏರಿ ಒಡೆದಿತ್ತು. ಹಾರ್ಮೋನಿನ ಕುಸಿತ, ನಿಂತ ಔಷಧಿ, ರಾತ್ರಿಯೆಲ್ಲ ಬೆವರಿ ನಿದ್ದೆಯಿಲ್ಲದ ಮೈ. ಮೂರೂ ಒಂದೇ ತಿಂಗಳಲ್ಲಿ ಬಂದಾಗ ಯಾವುದರ ಪಾಲು ಎಷ್ಟು ಎಂದು ಅಳೆಯುವುದು ಹೇಗೆ? ನಿದ್ದೆಗೆಟ್ಟ ಮೈಗೆ ಇದ್ದ ನೋವೇ ದುಪ್ಪಟ್ಟಾಗಿ ಕಾಣುತ್ತದೆ ಎಂಬುದು ಮಾತ್ರ ಖಂಡಿತ.

ಇನ್ನೂ ಒಂದು ಗೋಜಲಿದೆ. ಈಸ್ಟ್ರೋಜನ್ ಕುಸಿದಾಗ ಸಂಧಿವಾತ ಇಲ್ಲದ ಹೆಂಗಸರಿಗೂ ಕೀಲು ನೋಯುತ್ತದೆ. ಸ್ತನ ಕ್ಯಾನ್ಸರಿಗೆ ಈಸ್ಟ್ರೋಜನ್ ತಗ್ಗಿಸುವ ಮಾತ್ರೆ ನುಂಗುವವರಲ್ಲಿ ಬಹಳ ಮಂದಿಗೆ ಕೀಲು ಹಿಡಿಯುವುದು ಇದಕ್ಕೇ. ಅಂಥ ನೋವಿನಲ್ಲಿ ಸಾಮಾನ್ಯವಾಗಿ ಊತ ಇರುವುದಿಲ್ಲ. ಗೆಣ್ಣು ಉಬ್ಬಿ ಮೆತ್ತಗೆ ಬಿಸಿಯಾಗಿದ್ದರೆ ಸಂಧಿವಾತವೇ ಕೆರಳಿದೆ ಎಂದು ಅನುಮಾನಿಸಬೇಕು. ಉರಿಯೂತ ಅಳೆಯುವ ಇಎಸ್‌ಆರ್ ರಕ್ತಪರೀಕ್ಷೆ ಒಂದನ್ನೇ ನಂಬುವಂತಿಲ್ಲ. ಮುಟ್ಟಿನಲ್ಲಿ ರಕ್ತ ಹೋಗಿ ಹಿಮೋಗ್ಲೋಬಿನ್ ಇಳಿದವರಲ್ಲಿ ಇಎಸ್‌ಆರ್ ಹೇಗೂ ಏರಿರುತ್ತದೆ, ಜೊತೆಗೆ ಉರಿಯೂತದ ಇನ್ನೊಂದು ಪರೀಕ್ಷೆಯಾದ ಸಿಆರ್‌ಪಿ ನೋಡಬೇಕು. ಸಂಧಿವಾತ ಪತ್ತೆಗೆ ಮಾಡುವ ಆರ್‌ಎ ಫ್ಯಾಕ್ಟರ್ ರಕ್ತಪರೀಕ್ಷೆ ನೆಗೆಟಿವ್ ಬಂದರೆ 'ನಿಮಗೇನಿಲ್ಲ' ಎಂದು ಮನೆಗೆ ಬರುವುದೂ ತಪ್ಪು. ಅಮೆರಿಕದ ನರ್ಸುಗಳನ್ನು 1976ರಿಂದ ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ಮುಟ್ಟು ನಿಂತವರಿಗೆ ಸುಮಾರು ಎರಡು ಪಟ್ಟು ಹೆಚ್ಚಾಗಿ ಕಂಡದ್ದು ಈ 'ನೆಗೆಟಿವ್' ಬಗೆಯ ಸಂಧಿವಾತವೇ.

ನಮ್ಮ ಜಿಲ್ಲೆಗಳಲ್ಲಿ ಇದರ ಮೇಲೆ ನೀರಿನ ಕಾಟವೂ ಸೇರುತ್ತದೆ. ಬಾಗೇಪಲ್ಲಿ, ಗುಡಿಬಂಡೆ, ಮುಳಬಾಗಿಲು, ಪಾವಗಡದ ಕಡೆಯ ಆಳದ ಬೋರ್‌ವೆಲ್ಲುಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಬಹಳ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನು ಕತ್ತು ಬಿಗಿದು ಕೀಲು ನೋಯಬಹುದು. ಅದನ್ನು ಸಂಧಿವಾತವೆಂದೂ, ಸಂಧಿವಾತವನ್ನು ಅದೆಂದೂ ತಿಳಿಯುವುದು ಸುಲಭ. ಯಾವ ಊರಿನ ಯಾವ ನೀರು ಕುಡಿದು ಬೆಳೆದಿರಿ ಎಂದು ವೈದ್ಯರಿಗೆ ಹೇಳಿ.

ಮೂಳೆಗೆ ಮೂರು ಕಡೆಯಿಂದ ಪೆಟ್ಟು

ಕೀಲು ನೋವು ಕೂಗಿ ಹೇಳುತ್ತದೆ, ಮೂಳೆ ಸವೆಯುವುದು ಸದ್ದಿಲ್ಲದೆ ನಡೆಯುತ್ತದೆ. ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ಅತಿ ಹೆಚ್ಚು ಕಾಳಜಿ ಬೇಕಾಗಿರುವುದು ಇಲ್ಲೇ.

ಮೂಳೆ ಕಲ್ಲಿನಂತೆ ಇದ್ದಲ್ಲೇ ಇರುವಂಥದಲ್ಲ. ಹಳೆಯದನ್ನು ಕೆಡಹುವ ಕಣಗಳು, ಹೊಸದನ್ನು ಕಟ್ಟುವ ಕಣಗಳು ದಿನವೂ ಕೆಲಸ ಮಾಡುತ್ತಿರುತ್ತವೆ. ಕೆಡಹುವವರಿಗೆ ಲಗಾಮು ಹಾಕುವುದು ಈಸ್ಟ್ರೋಜನ್. ಮುಟ್ಟು ನಿಂತ ಐದರಿಂದ ಏಳು ವರ್ಷಗಳಲ್ಲಿ ಮೂಳೆಯ ಸಾಂದ್ರತೆ ನೂರಕ್ಕೆ ಇಪ್ಪತ್ತರಷ್ಟು ಹೋಗಬಹುದು. ಅಂಡಾಶಯ ತೆಗೆದವರಲ್ಲಿ ಈ ಗಡಿಯಾರ ಆಪರೇಷನ್ ದಿನವೇ ಓಡತೊಡಗುತ್ತದೆ. ಸಂಧಿವಾತದ ಉರಿಯೂತ ಕೂಡ ಅದೇ ಕೆಡಹುವ ಕಣಗಳನ್ನು ಎಬ್ಬಿಸುತ್ತದೆ. ಸ್ಟೀರಾಯ್ಡ್ ಮಾತ್ರೆ ಕಟ್ಟುವ ಕಣಗಳ ಕೈ ಕಟ್ಟಿಹಾಕುತ್ತದೆ. ನಲವತ್ತರ ಆಸುಪಾಸಿನ ಒಬ್ಬಳೇ ಹೆಂಗಸಿಗೆ ಮೂರೂ ಕೂಡಿಬಂದರೆ, ಕೊಟ್ಟಿಗೆಯ ಗಂಜಲದ ಮೇಲೆ ಜಾರಿ ಕೈ ಊರಿದ್ದಕ್ಕೇ ಮಣಿಕಟ್ಟು ಮುರಿಯಬಹುದು.

ಡೆಕ್ಸಾ ಸ್ಕ್ಯಾನಿನಲ್ಲಿ ಇದನ್ನು ಅಳೆಯುತ್ತಾರೆ. ಮೂರು ತಿಂಗಳಿಗೂ ಹೆಚ್ಚು ಕಾಲ ಸ್ಟೀರಾಯ್ಡ್ ನುಂಗಿದವರು, 45ರೊಳಗೆ ಅಂಡಾಶಯ ತೆಗೆಸಿದವರು ಇದರ ಬಗ್ಗೆ ಕೇಳಲೇಬೇಕು. ಫ್ಲೋರೈಡ್ ನೀರಿನ ಊರಿನವರಾದರೆ ಅದನ್ನೂ ಹೇಳಿ. ಫ್ಲೋರೈಡ್ ಸೇರಿದ ಮೂಳೆ ಸ್ಕ್ಯಾನಿನಲ್ಲಿ ಗಟ್ಟಿಯಾಗಿ ಕಂಡರೂ ಪೆಡಸಾಗಿ ಬೇಗ ಮುರಿಯುವಂಥದ್ದು.

ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಅಕ್ಕಿಯಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಎರಡು ಹೊತ್ತು ಮುದ್ದೆ, ಜೊತೆಗೆ ಸೊಪ್ಪಿನ ಬಸ್ಸಾರು ಅಂದರೆ ಅರ್ಧಕ್ಕಿಂತ ಹೆಚ್ಚು ದಾರಿ ಸವೆದಂತೆ. ಉಳಿದದ್ದು ಹಾಲು ಮೊಸರಿನಿಂದ ಬರಬೇಕು. ಒಂದು ಲೋಟ ಹಾಲಿಗೆ ಸುಮಾರು 240 ಮಿಲಿಗ್ರಾಂ. ಆದರೆ ಹಸು ಕಟ್ಟಿದ ಮನೆಗಳಲ್ಲೂ ಹಾಲು ಕ್ಯಾನಿಗೆ ಹೋಗುತ್ತದೆ, ಕರೆದವಳಿಗೆ ಸಿಗುವುದು ಟೀಗೆ ಹಾಕಿದ ಎರಡು ಚಮಚ. ದಿನಕ್ಕೆ ಅರ್ಧ ಲೀಟರ್ ಅವಳ ಪಾಲು ಎಂದು ಎತ್ತಿಡಿ. ಅವಳ ಮೂಳೆಯ ಮೇಲೇ ಆ ಡೇರಿ ಲೆಕ್ಕ ನಿಂತಿದೆ. ವಿಟಮಿನ್ ಡಿ ಕಡಿಮೆಯಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಒಮ್ಮೆ ಪರೀಕ್ಷೆ ಮಾಡಿಸಿ. ಮೂಳೆ ಆಗಲೇ ತೆಳುವಾಗಿದ್ದರೆ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆಯಂಥ ಔಷಧಿಗಳಿವೆ. ಬರೀ ಹೊಟ್ಟೆಯಲ್ಲಿ ದೊಡ್ಡ ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ.

ಹೃದಯದ್ದೂ ಇದೇ ಕಥೆ. ಸಂಧಿವಾತ ಇದ್ದವರಿಗೆ ಹೃದ್ರೋಗದ ಅಪಾಯ ಸುಮಾರು ಒಂದೂವರೆ ಪಟ್ಟು. ಚಿಕ್ಕ ವಯಸ್ಸಿನಲ್ಲೇ ಅಂಡಾಶಯ ಹೋದರೆ ಅದರ ಮೇಲೆ ಇನ್ನಷ್ಟು. ಬಿ.ಪಿ., ಸಕ್ಕರೆ, ಕೊಬ್ಬನ್ನು ವರ್ಷಕ್ಕೊಮ್ಮೆ ನೋಡಿಸಿ.

ಹೋದ ಹಾರ್ಮೋನನ್ನು ಹೊರಗಿನಿಂದ ಕೊಡಬಹುದೇ?

ಕೊಡಬಹುದು. 45ರೊಳಗೆ ಎರಡೂ ಅಂಡಾಶಯ ಕಳೆದುಕೊಂಡವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಈಸ್ಟ್ರೋಜನ್ ಕೊಡುವುದು ಒಳ್ಳೆಯದೆಂದೇ ವೈದ್ಯಕೀಯ ಸಲಹೆ. ನಮ್ಮ ಕಡೆ ಇದಕ್ಕೆ ತುಂಬಾ ಹೆದರುತ್ತಾರೆ. ಆ ಹೆದರಿಕೆ 2002ರ ಒಂದು ದೊಡ್ಡ ಅಮೆರಿಕನ್ ಅಧ್ಯಯನದಿಂದ ಹರಡಿತು. ಆಗ ಸ್ತನ ಕ್ಯಾನ್ಸರ್ ಹೆಚ್ಚಿದ್ದು ಕಂಡದ್ದು ಈಸ್ಟ್ರೋಜನ್ ಜೊತೆ ಪ್ರೊಜೆಸ್ಟೆರಾನ್ ಬಗೆಯ ಮಾತ್ರೆ ನುಂಗಿದವರಲ್ಲಿ, ಅದೂ ಸರಾಸರಿ 63 ವರ್ಷದವರಲ್ಲಿ. ಗರ್ಭಕೋಶ ಇಲ್ಲದವರಿಗೆ ಈಸ್ಟ್ರೋಜನ್ ಒಂದೇ ಸಾಕು, ಆ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. 39ರವಳನ್ನು 63ರವಳ ಲೆಕ್ಕದಲ್ಲಿ ತೂಗಬಾರದು.

ಆದರೆ ಇದು ಸಂಧಿವಾತದ ಮದ್ದಲ್ಲ. ಬಿಸಿ ಉಕ್ಕುವುದು, ನಿದ್ದೆ, ಮೂಳೆ, ಇವಕ್ಕೆ ನೆರವಾಗುತ್ತದೆ. ಕೀಲಿನ ಉರಿಯೂತ ಇದರಿಂದಲೇ ಇಳಿಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ, ಅದಕ್ಕೆ ಸಂಧಿವಾತದ ಔಷಧಿಯೇ ಬೇಕು. ಸ್ತನ ಕ್ಯಾನ್ಸರ್ ಆದವರಿಗೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಲೂಪಸ್ (ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪುವ ಇನ್ನೊಂದು ಕಾಯಿಲೆ) ಇದ್ದು ರಕ್ತ ಹೆಪ್ಪುಗಟ್ಟಿಸುವ ಆ್ಯಂಟಿಬಾಡಿ ಇರುವವರಿಗೂ ಬೇಡ. ಮಾತ್ರೆಗಿಂತ ಚರ್ಮದ ಮೇಲೆ ಹಚ್ಚುವ ಜೆಲ್ಲು ಅಥವಾ ಪ್ಯಾಚಿನಲ್ಲಿ ಹೆಪ್ಪುಗಟ್ಟುವ ಅಪಾಯ ಕಡಿಮೆ. ಒಳಗೆ ಒಣಗಿ ಉರಿಯುವುದು, ಗಂಡನ ಜೊತೆ ಸೇರಿದಾಗ ನೋಯುವುದು, ಇದನ್ನು ನಮ್ಮ ಹೆಂಗಸರು ಯಾರಿಗೂ ಹೇಳುವುದಿಲ್ಲ. ಸಂಧಿವಾತದ ಜೊತೆ ಕಣ್ಣು ಬಾಯಿ ಒಣಗುವ ಶೋಗ್ರೆನ್ಸ್ ಕಾಯಿಲೆಯೂ ಇದ್ದರೆ ಇದು ಇನ್ನೂ ಹೆಚ್ಚು. ಅದಕ್ಕೆ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮೇ ಇದೆ. ಲೇಡಿ ಡಾಕ್ಟರ ಹತ್ತಿರ ಒಂದೇ ಮಾತು ಬಾಯಿಬಿಟ್ಟರೆ ಸಾಕು.

ತೆಗೆಸುವ ಮುಂಚೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019ರಿಂದ 21ರ ಹೊತ್ತಿಗೆ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು ಮೂವರು ಗರ್ಭಕೋಶ ತೆಗೆಸಿದ್ದರು. ನಮ್ಮ ಗಡಿಯಾಚೆಯ ಆಂಧ್ರದಲ್ಲಿ ಅದು ಎಂಟನ್ನು ದಾಟಿತ್ತು. ಅದರಲ್ಲಿ ಎಷ್ಟೋ ಮಂದಿ ನಲವತ್ತು ಕಾಣದವರು. ಬೇಡದ ಕಡೆಯೂ ಇದು ನಡೆಯುತ್ತಿದೆ ಎಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2023ರಲ್ಲಿ ಕೋರ್ಟು ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೆ ತರಲು ಎಲ್ಲ ರಾಜ್ಯಗಳಿಗೆ ಮೂರು ತಿಂಗಳ ಗಡುವು ಕೊಟ್ಟಿತು.

ಕ್ಯಾನ್ಸರ್ ಇದ್ದರೆ, ಗರ್ಭಕೋಶ ಪೂರ್ತಿ ಜಾರಿದ್ದರೆ, ಗಡ್ಡೆ ದೊಡ್ಡದಾಗಿ ಬೇರೇನೂ ನಾಟದಿದ್ದರೆ ತೆಗೆಸಲೇಬೇಕಾಗುತ್ತದೆ, ಹೆದರಿ ಮುಂದೂಡಬಾರದು. ಬರೀ ಬಿಳಿಮುಟ್ಟು, ಸೊಂಟನೋವಿಗೆ ಇದು ಮದ್ದಲ್ಲ. ಹೆಚ್ಚು ರಕ್ತ ಹೋಗುವುದಕ್ಕೆ ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ ಇದೆ, ಗರ್ಭಕೋಶದೊಳಗೆ ಇಟ್ಟರೆ ವರ್ಷಗಟ್ಟಲೆ ಕೆಲಸ ಮಾಡುವ ಹಾರ್ಮೋನ್ ವಂಕಿ ಇದೆ, ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್ ಇದೆ. ತೆಗೆಸಲೇಬೇಕೆಂದಾದರೆ, 'ನನ್ನ ಅಂಡಾಶಯ ಚೆನ್ನಾಗಿದ್ದರೆ ಉಳಿಸುತ್ತೀರಾ?' ಎಂದು ಸಹಿ ಹಾಕುವ ಮುಂಚೆ ಕೇಳಿ. 'ಮುಂದೆ ಕ್ಯಾನ್ಸರ್ ಆದೀತು, ತೆಗೆದುಬಿಡೋಣ' ಎಂದರೆ ಮನೆಯಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತೇ ಎಂಬುದರ ಮೇಲೆ ಆ ಮಾತು ನಿಲ್ಲಬೇಕು. ಹಾಗೇನೂ ಇಲ್ಲದವರಲ್ಲಿ ನಾಳಗಳನ್ನಷ್ಟೇ ತೆಗೆದು ಅಂಡಾಶಯ ಉಳಿಸಿದರೂ ಆ ಅಪಾಯ ತಗ್ಗುತ್ತದೆ.

ಚಿಕ್ಕಮ್ಮನನ್ನು ಬೆಂಗಳೂರಿನ ಕೀಲುವಾತದ ವೈದ್ಯರ ಹತ್ತಿರ ಕರೆದುಕೊಂಡು ಹೋದಾಗ ಅವರು ಮೊದಲು ಓದಿದ್ದು ಆ ಬಯಾಪ್ಸಿ ಕಾಗದವನ್ನು. ಮೆಥೊಟ್ರೆಕ್ಸೇಟ್ ಮತ್ತೆ ಶುರುವಾಯಿತು. ಅದರ ಗುಣ ಕಾಣಲು ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ, ನಡುವೆ ಬಿಡಬೇಡಿ ಎಂದು ಹೇಳಿ ಕಳಿಸಿದರು. ಸ್ತ್ರೀರೋಗ ತಜ್ಞರು ಸ್ತನ ಪರೀಕ್ಷೆ ಮಾಡಿ ಈಸ್ಟ್ರೋಜನ್ ಜೆಲ್ಲು ಬರೆದರು. ಮೊದಲು ಮರಳಿದ್ದು ನಿದ್ದೆ, ಮುಷ್ಟಿ ಆಮೇಲೆ. ಸ್ಕ್ಯಾನಿನಲ್ಲಿ ಸೊಂಟದ ಮೂಳೆ ತೆಳುವಾಗಿರುವುದು ಗೊತ್ತಾಗಿ ಅದಕ್ಕೂ ಮಾತ್ರೆ ನಡೆಯುತ್ತಿದೆ. ಸೋಮವಾರ ಮೆಥೊಟ್ರೆಕ್ಸೇಟ್, ಭಾನುವಾರ ಮೂಳೆಯ ಮಾತ್ರೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಟ್ಟಿದ್ದೇನೆ. ಈಗ ಬೆಳಗಿನ ಹಾಲನ್ನು ಚಿಕ್ಕಪ್ಪ ಕರೆಯುತ್ತಾರೆ, ಬೆರಳು ಸಡಿಲವಾಗಿರುವ ಸಂಜೆಯ ಹೊತ್ತಿನದು ಅವಳದು.